ಆಯಿಲ್ ಸೀಲ್ ಬದಲಿಸುವ ಮೊದಲು ಪಿಸಿವಿ ವಾಲ್ವ್ ನೋಡಿ

ಕಾರು ನಿಲ್ಲಿಸಿದ ಜಾಗದಲ್ಲಿ ಆಯಿಲ್ ಕಲೆ. ‘ಆಯಿಲ್ ಸೋರದಂತೆ ತಡೆಯುವ ಸೀಲ್ ಹೋಗಿದೆ’ ಅಂದರು ಗ್ಯಾರೇಜಿನಲ್ಲಿ. ಹೊಸದು ಹಾಕಿಸಿದೆ. ಎರಡೇ ತಿಂಗಳಲ್ಲಿ ಮತ್ತೆ ಅದೇ ಕಲೆ! ನನ್ನ ಹಳೇ ಪೆಟ್ರೋಲ್ ಕಾರಿನಲ್ಲಿ ತೊಂದರೆ ಇದ್ದದ್ದು ಪಿಸಿವಿ ಅನ್ನುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ವಾಲ್ವ್‌ನಲ್ಲಿ.

ಸೈಕಲ್ ತುಳಿಯುವಾಗ ಮೊಣಕಾಲು ಮೇಲೆ ಕೆಳಗೆ ಆಡುತ್ತದೆ, ಪೆಡಲ್ ಸುತ್ತುತ್ತದೆ ಅಲ್ವಾ? ಮೊಣಕಾಲಿನ ಜಾಗದಲ್ಲಿ ಪಿಸ್ಟನ್, ಪೆಡಲ್ ಜಾಗದಲ್ಲಿ ಕ್ರ್ಯಾಂಕ್‌ಶಾಫ್ಟ್. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 5 ಮೇನ್ ಬೇರಿಂಗ್ ಇದನ್ನು ಹೊತ್ತಿರುತ್ತವೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ಆಯಿಲ್ ಪದರ ಇರುತ್ತದೆ. ಶಾಫ್ಟ್‌ನ ಎರಡು ತುದಿ ಹೊರಬರುವಲ್ಲಿ ಆಯಿಲ್ ಸೀಲ್.

ಪೆಟ್ರೋಲ್ ಉರಿದಾಗ ಒಂದಿಷ್ಟು ಗ್ಯಾಸ್ ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಕೆಳಗೆ, ಕ್ರ್ಯಾಂಕ್‌ಶಾಫ್ಟ್ ಇರುವ ಡಬ್ಬಿಗೆ (ಕ್ರ್ಯಾಂಕ್‌ಕೇಸ್) ನುಸುಳುತ್ತದೆ. ಹೊಸ ಎಂಜಿನ್‌ನಲ್ಲೂ ಇದು ತಪ್ಪಿದ್ದಲ್ಲ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಬ್ಯಾಕ್ ಕಂಪ್ರೆಶನ್’. ಅದು ಹೊರಹೋಗದಿದ್ದರೆ ಒತ್ತಡ ಸೀಲನ್ನು ತಳ್ಳುತ್ತದೆ, ಆಯಿಲ್ ಕೆಸರಾಗುತ್ತದೆ. ಹಿಂದೆ ಒಂದು ಪೈಪಿನಲ್ಲಿ ಅದನ್ನು ಸುಮ್ನೆ ರಸ್ತೆಗೆ ಬಿಡುತ್ತಿದ್ದರು. ಹೊಗೆಯ ಕಾಟಕ್ಕೆ 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ಬಂತು. ಈ ವಾಲ್ವ್ ಮೂಲಕ ಎಂಜಿನ್ ತನ್ನ ಗ್ಯಾಸನ್ನು ತಾನೇ ಎಳೆದುಕೊಂಡು ಮತ್ತೆ ಉರಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಈ ಎಳೆತ ಕಡಿಮೆ. ಆಗ ಜಾಸ್ತಿಯಾದದ್ದು ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಕಡೆ ಹೋಗುತ್ತದೆ. ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ಕಂಡರೆ ಈ ವಾಲ್ವ್ ಮೇಲೆ ಅನುಮಾನ ಪಡಿ.

ಈಗ ಪರೀಕ್ಷೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡಲಿ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಶಾಲು ಹೋಗಬಾರದು. ಹಲವು ಕಾರುಗಳಲ್ಲಿ ಈ ವಾಲ್ವ್, ಎಂಜಿನ್ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರ್ ಮೇಲಿನ ರಬ್ಬರ್ ಬಳೆಯಲ್ಲಿ ಕೂತಿರುತ್ತದೆ. ಪೈಪ್ ಬಿಚ್ಚದೆ ವಾಲ್ವ್ ಮಾತ್ರ ಮೇಲೆತ್ತಿ, ತೆರೆದ ತುದಿಗೆ ಬೆರಳಿಡಿ. ಬೆರಳನ್ನು ಒಳಕ್ಕೆ ಎಳೆದಂತಾಗಬೇಕು. ಎಳೆಯದಿದ್ದರೆ ವಾಲ್ವ್ ಅಥವಾ ಪೈಪ್ ಕಟ್ಟಿಕೊಂಡಿದೆ. ಎಂಜಿನ್ ಆಫ್ ಮಾಡಿ, ವಾಲ್ವ್ ಬಿಚ್ಚಿ ಅಲ್ಲಾಡಿಸಿ. ಗಿಲಕಿಯ ಹಾಗೆ ಸದ್ದಾಗದಿದ್ದರೆ ಹೊಸದು ಹಾಕಿ. ತೊಳೆಯುತ್ತಾ ಕೂರುವಷ್ಟು ದುಬಾರಿ ಸಾಮಾನೇನಲ್ಲ. ಸದ್ದು ಬಂದರೂ ಐಡ್ಲಿಂಗ್ ನಡುಗುತ್ತಿದ್ದರೆ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ.

ಕೆಲವು ಹೊಸ ಎಂಜಿನ್‌ಗಳಲ್ಲಿ ಈ ವಾಲ್ವ್ ಆ ಕವರಿನ ಒಳಗೇ ಇರುತ್ತದೆ, ಅದನ್ನು ಗ್ಯಾರೇಜಿಗೆ ಬಿಡಿ. ಡೀಸೆಲ್ ಕಾರಿಗೆ ಈ ಬೆರಳಿನ ಪರೀಕ್ಷೆ ನಡೆಯುವುದಿಲ್ಲ.

ವಾಲ್ವ್, ಪೈಪ್ ಎರಡೂ ಸರಿ ಇದ್ದು, ಆಯಿಲ್ ಮುಚ್ಚಳ ತೆಗೆದಾಗ ಬುಸ್ ಬುಸ್ ಅಂತ ಹೊಗೆ ಬರುತ್ತಿದೆಯೇ? ರಿಂಗ್ ಸವೆದಿರಬಹುದು. ಸೀಲಿಗೆ ದುಡ್ಡು ಕೊಡುವ ಮೊದಲು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ.