ಅಪ್ಪನ ಜಿಪಿಎ: ಹೆಬ್ಬೆಟ್ಟು ಒತ್ತಿಸುವ ಮುನ್ನ

ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ. ಅಫಜಲಪುರದ ಕಡೆ ತೊಗರಿ ಹೊಲ, ಕಲಬುರಗಿಯಲ್ಲಿ ಬಾಡಿಗೆಗೆ ಕೊಟ್ಟ ಮನೆ, ಅಪ್ಪನಿಗೆ ಮರೆವು ಶುರುವಾಗಿದೆ. ದೀಪಾವಳಿಗೆ ಬಂದವನು ಹಬ್ಬ ಮುಗಿಯುವುದರೊಳಗೆ ಜಿಪಿಎ, ಅಂದರೆ ಅಪ್ಪನ ಪರವಾಗಿ ವ್ಯವಹಾರ ನಡೆಸುವ ಅಧಿಕಾರಪತ್ರ, ಮಾಡಿಸಿಕೊಂಡು ಹೋಗಲು ನೋಡುತ್ತಾನೆ. ಕೆಲಸ ಕೆಡುವುದು ಈ ಅವಸರದಲ್ಲೇ.

ಮೊದಲು ಒಂದು ಭ್ರಮೆ ಬಿಡಬೇಕು. ಅಪ್ಪನ ಬುದ್ಧಿ ಪೂರ್ತಿ ಮಂಕಾದ ಮೇಲೂ ಜಿಪಿಎ ನಡೆಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಡೆಯುವುದಿಲ್ಲ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೂ ಅವರ ಬುದ್ಧಿ ಸ್ವಸ್ಥವಾಗಿ ಉಳಿಯದಿದ್ದರೂ ಮುಖ್ತಾರನ (ಅಧಿಕಾರ ಪಡೆದವನ) ಅಧಿಕಾರ ಮುಗಿಯಿತು. ‘ನನಗೆ ಬುದ್ಧಿಭ್ರಮಣೆಯಾದರೂ ಇದು ಜಾರಿಯಲ್ಲಿರತಕ್ಕದ್ದು’ ಎಂಬ ಸಾಲು ಸೇರಿಸಿಕೊಡುತ್ತೇವೆ ಎನ್ನುವ ದಸ್ತಾವೇಜು ಬರಹಗಾರರಿದ್ದಾರೆ. ಆ ಸಾಲಿಗೆ ಕಾನೂನಿನ ಬಲವಿಲ್ಲ, ಅದಕ್ಕಾಗಿ ದುಡ್ಡು ಕೊಡಬೇಡಿ.

ಹಂತ 1: ಅಧಿಕಾರ ಯಾವುದಕ್ಕೆ?
ಝೆರಾಕ್ಸ್ ಅಂಗಡಿಯ ಸಿದ್ಧ ನಮೂನೆಯಲ್ಲಿ ಮಾರಲು, ದಾನ ಕೊಡಲು, ಒತ್ತೆ ಇಡಲು ಎಲ್ಲವೂ ಇರುತ್ತದೆ. ಹೊಡೆದು ಹಾಕಿ. ಸರ್ವೆ ನಂಬರು, ಎಕರೆ–ಗುಂಟೆ ಬರೆದು, ‘ಈ ಹೊಲದ ಪಹಣಿ, ಬೆಳೆವಿಮೆ, ಬೆಳೆಸಾಲದ ಕೆಲಸ, ಈ ಮನೆಯ ಬಾಡಿಗೆ ವಸೂಲಿ’ ಎಂದಷ್ಟೇ ಇರಲಿ. ಜಿಪಿಎ ಮೇಲೆ ಆಸ್ತಿ ‘ಕೊಂಡವರಿಗೆ’ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಪ್ಪನ ಪರವಾಗಿ ಮೃತ್ಯುಪತ್ರ ಬರೆಯುವ ಅಧಿಕಾರವಂತೂ ಯಾವ ಮುಖ್ತಾರನಿಗೂ ಇಲ್ಲ. ಅದನ್ನು ಅವರೇ ಇಬ್ಬರು ಸಾಕ್ಷಿಗಳ ಮುಂದೆ ಮಾಡಬೇಕು.

ಹಂತ 2: ಬುದ್ಧಿ ಸ್ವಸ್ಥವಿದೆ ಎಂಬ ಪುರಾವೆ
ಮುಂದೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದರೆ ಜಗಳವೆಲ್ಲ ನಿಲ್ಲುವುದು ಇದರ ಮೇಲೆ. ಕಾನೂನು ಕೇಳುವುದು ಮರೆವು ಇದೆಯೋ ಇಲ್ಲವೋ ಎಂದಲ್ಲ. ಅದೇ ಕರಾರು ಕಾಯ್ದೆಯ 12ನೇ ಕಲಂ ಪ್ರಕಾರ, ಕಾಗದ ಮಾಡುವ ಹೊತ್ತಿನಲ್ಲಿ ಅದೇನೆಂದು ತಿಳಿದು, ಅದರಿಂದ ತನಗೆ ಒಳಿತೋ ಕೆಡುಕೋ ಎಂದು ಯೋಚಿಸಿ ನಿರ್ಧರಿಸುವ ಶಕ್ತಿ ಇರಬೇಕು. ಒಮ್ಮೊಮ್ಮೆ ಬುದ್ಧಿ ತಪ್ಪುವವರು ಕೂಡ ತಿಳಿಯಾಗಿರುವ ಹೊತ್ತಿನಲ್ಲಿ ಕರಾರು ಮಾಡಬಹುದು. ಹಾಗಾಗಿ ಸಹಿಯ ದಿನ, ಸಹಿಯ ಹೊತ್ತು ಮುಖ್ಯ.

ಗಲ್ಲಿಯ ಕ್ಲಿನಿಕ್ಕಿನಿಂದ ತಂದ ‘ಆರೋಗ್ಯವಾಗಿದ್ದಾರೆ’ ಎಂಬ ಚೀಟಿ ಸಾಲದು. ಮನೋವೈದ್ಯರು ಅಥವಾ ನರರೋಗ ತಜ್ಞರಿಂದ ಬರೆಸಿ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಅಂದರೆ ಕಲಬುರಗಿಯವರು ಜಿಮ್ಸ್, ಬೀದರಿನವರು ಬ್ರಿಮ್ಸ್, ಯಾದಗಿರಿಯವರು ಯಿಮ್ಸ್‌ನಲ್ಲಿ ಮೊದಲು ವಿಚಾರಿಸಬಹುದು. ಸಹಿಯ ದಿನವೇ ಅಥವಾ ಹಿಂದಿನ ದಿನ ಪರೀಕ್ಷೆಯಾಗಬೇಕು. ತಿಂಗಳ ಹಿಂದಿನ ಪತ್ರವಿದ್ದರೆ ಎದುರು ವಕೀಲರಿಗೆ ಹಬ್ಬ. ಪತ್ರದಲ್ಲಿ ದಿನಾಂಕ, ಸಮಯ, ಯಾವ ಕಾಗದದ ಬಗ್ಗೆ ಕೇಳಿದರು, ಏನು ಕೇಳಿದರು, ಹಿರಿಯರು ತಮ್ಮ ಮಾತಿನಲ್ಲಿ ಏನೆಂದರು, ಎಲ್ಲ ಇರಬೇಕು. 30 ಅಂಕದ ನೆನಪಿನ ಪರೀಕ್ಷೆಯ ಅಂಕ ಒಂದನ್ನೇ ಬರೆದರೆ ಪ್ರಯೋಜನವಿಲ್ಲ. ಶಾಲೆ ಕಾಣದವರಿಗೆ ಅದರಲ್ಲಿ ಹೇಗೂ ಕಡಿಮೆ ಬರುತ್ತದೆ, ಆದರೆ ಹೊಲದ ವ್ಯವಹಾರ ಅವರಿಗೆ ಚೆನ್ನಾಗಿ ಗೊತ್ತಿರಬಹುದು.

ಪ್ರಶ್ನೆ ಅವರಾಡುವ ಮಾತಿನಲ್ಲೇ ಇರಲಿ: ‘ಮುತ್ಯಾ, ಈ ಕಾಗದ ಯಾಕ ಮಾಡ್ಲತ್ತೀರಿ? ಹೊಲ ಎಷ್ಟ ಅದ? ಮಕ್ಕಳು ಎಷ್ಟ ಮಂದಿ? ಇವನಿಗೇ ಯಾಕ, ಉಳಿದವರಿಗೆ ಯಾಕಿಲ್ಲ? ಮುಂದ ಬ್ಯಾಡ ಅನಿಸಿದ್ರ ಏನ್ ಮಾಡ್ತೀರಿ?’ ‘ಹೂಂ’ ಎಂದು ತಲೆ ಅಲ್ಲಾಡಿಸಿದರೆ ಅದು ಉತ್ತರವಲ್ಲ. ‘ಅಂವ ಹೇಳ್ಯಾನ, ಅದಕ ಒತ್ತಲತ್ತೀನಿ’ ಎಂದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಈ ಮಾತು ನಡೆಯುವಾಗ ಅಧಿಕಾರ ಪಡೆಯುವ ಮಗ, ಸೊಸೆ ಹೊರಗಿರಬೇಕು. ಸಾಕ್ಷಿಗಳು ಅವರ ಕಡೆಯವರಾಗುವುದೂ ಬೇಡ.

ಇನ್ನೊಂದು ಸಂಗತಿ ಮನೆಯವರ ಗಮನಕ್ಕೇ ಬರುವುದಿಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಬೇಸಿಗೆಯಲ್ಲಿ ನೀರು ಕಡಿಮೆಯಾಗುವುದು, ಹೊಸ ನಿದ್ದೆ ಮಾತ್ರೆ, ಇವುಗಳಿಂದ ಹಿರಿಯರು ಎರಡೇ ದಿನದಲ್ಲಿ ತಬ್ಬಿಬ್ಬಾಗುತ್ತಾರೆ, ಚಿಕಿತ್ಸೆಯಾದರೆ ಬಹಳ ಮಟ್ಟಿಗೆ ಸುಧಾರಿಸಿಕೊಳ್ಳುತ್ತಾರೆ. ದಿಢೀರ್ ಬಂದ ಗೊಂದಲವಾದರೆ ಮೊದಲು ಚಿಕಿತ್ಸೆ, ಆಮೇಲೆ ಕಾಗದ. ಮರೆವಿನ ರೋಗದವರಿಗೆ ಸಂಜೆಯಾದಂತೆ ಗೊಂದಲ ಏರುವುದುಂಟು, ಆದ್ದರಿಂದ ಬೆಳಗಿನ ಹೊತ್ತು ಆರಿಸಿ. ಕನ್ನಡಕ, ಕಿವಿಯ ಮಷೀನು ಮರೆಯಬೇಡಿ. ಕಿವಿ ಕೇಳದ್ದನ್ನೇ ಬುದ್ಧಿ ಇಲ್ಲ ಎಂದು ತಿಳಿಯುವ ಅಧಿಕಾರಿಗಳಿದ್ದಾರೆ.

ಹಂತ 3: ನೋಂದಣಿ
ನೋಟರಿ ಮುದ್ರೆಗಿಂತ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಮೇಲು. ಹಾಸಿಗೆ ಹಿಡಿದವರಿದ್ದರೆ ಕಾರಣ ತೋರಿಸಿ ಅರ್ಜಿ ಕೊಡಿ, 1908ರ ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ ಅಧಿಕಾರಿ ಮನೆಗೇ ಬರಬಹುದು. ಬುದ್ಧಿ ಸ್ವಸ್ಥವಿಲ್ಲ ಎಂದು ಕಂಡರೆ ನೋಂದಣಿ ನಿರಾಕರಿಸುವುದು ಅವರ ಕರ್ತವ್ಯ, ವಾದಕ್ಕಿಳಿಯಬೇಡಿ.

ಹಂತ 4: ಬ್ಯಾಂಕು, ಆಸ್ಪತ್ರೆ
ಜಿಪಿಎ ಪ್ರತಿಯನ್ನು ಅಪ್ಪ ಚೆನ್ನಾಗಿರುವಾಗಲೇ ಬ್ಯಾಂಕಿಗೆ ಕೊಟ್ಟು ದಾಖಲು ಮಾಡಿಸಿ, ನಾಮಿನಿ ಹೆಸರು ಸರಿ ಇದೆಯೇ ನೋಡಿ. ಪಿಂಚಣಿದಾರರಿಗೆ ಸಹಿ ಹಾಕಲು ಕೈ ಬಾರದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ವ್ಯವಸ್ಥೆ ಇದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಎಟಿಎಂ ಪಿನ್ ಇಟ್ಟುಕೊಂಡು ಸುಮ್ಮನೆ ತೆಗೆಯುವುದು ಸಲೀಸೇನೋ ಹೌದು. ಆದರೆ ನಾಳೆ ತಂಗಿ ಲೆಕ್ಕ ಕೇಳಿದರೆ ತೋರಿಸಲು ಕಾಗದ ಇರುವುದಿಲ್ಲ. ಮಾನಸಿಕ ಚಿಕಿತ್ಸೆಯ ನಿರ್ಧಾರಕ್ಕೆ ಜಿಪಿಎ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಪ್ರತಿನಿಧಿಯನ್ನು ಹೆಸರಿಸಬಹುದು.

ತಡವಾಗಿದ್ದರೆ
ಹಿರಿಯರಿಗೆ ತಿಳಿವಳಿಕೆಯೇ ಉಳಿದಿಲ್ಲವಾದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮೋಸದ ಕೇಸಿಗೆ ದಾರಿ. 2017ರ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳುವ ಪೋಷಕರನ್ನು ನೇಮಿಸುವ ಅವಕಾಶವಿಲ್ಲ, 1987ರ ಹಳೆ ಕಾಯ್ದೆಯೊಂದಿಗೆ ಅದು ಹೋಯಿತು. ಪೋಷಕರನ್ನು ನೇಮಿಸುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನ್ಯಾಷನಲ್ ಟ್ರಸ್ಟ್ ಸಮಿತಿ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಅಂಗವೈಕಲ್ಯಗಳಿಗೆ. ವಯಸ್ಸಿನ ಮರೆವಿನ ರೋಗಕ್ಕೆ ಅಲ್ಲಿ ಅಲೆದು ಕಾಲ ಕಳೆಯಬೇಡಿ. ಉಳಿಯುವುದು ಪೋಷಕರನ್ನು ನೇಮಿಸಿ ಎಂದು ಕೇಳುವ ಹೈಕೋರ್ಟಿನ ರಿಟ್ ಅರ್ಜಿ. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಯವರಿಗೆ ಹೈಕೋರ್ಟಿನ ಕಲಬುರಗಿ ಪೀಠವೇ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ. ವಕೀಲರ ಬಳಿ ಹೋಗುವಾಗ ರೋಗದ ದಾಖಲೆ, ಆಸ್ತಿ ಮತ್ತು ಖಾತೆಗಳ ಪಟ್ಟಿ, ಚಿಕಿತ್ಸೆಗೆ ತಿಂಗಳಿಗೆ ತಗಲುವ ಖರ್ಚಿನ ಬಿಲ್ಲು, ಎಲ್ಲ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಕೈಯಲ್ಲಿರಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಪ್ಪಿಗೆಯೂ ಅದರಲ್ಲಿ ಬೇಕು.