ಜಪಾನಿ ಅಡುಗೆ ಚಾಕು: ಉಡುಗೊರೆಗೆ ಆರಿಸುವುದು ಹೇಗೆ?

ಅಂಗಡಿಯಲ್ಲಿ ಮೊದಲು ಕಣ್ಣು ಸೆಳೆಯುವುದು ನೀರಿನಲೆಯಂಥ ಡಮಾಸ್ಕಸ್ ಗೆರೆಗಳ ಚಾಕು. ಆ ಗೆರೆಗಳಿರುವುದು ಹೊರಪದರದಲ್ಲಿ. ಹೆಚ್ಚುವ ಕೆಲಸಕ್ಕೆ ಅವುಗಳಿಂದ ಏನೂ ಲಾಭವಿಲ್ಲ. ಹರಿತ ನಿಲ್ಲುವುದು ನಡುವಿನ ಉಕ್ಕಿನಿಂದ. ದುಡ್ಡು ಕೊಡಬೇಕಾದ್ದು ಅದಕ್ಕೆ.

ಮೊದಲು ಆಕಾರ ಗೊತ್ತುಮಾಡಿಕೊಳ್ಳಿ. ಸಸ್ಯಾಹಾರಿಗಳ ಮನೆಗೆ ನಕಿರಿ: ಆಯತಾಕಾರದ, ಸುಮಾರು 165 ಮಿ.ಮೀ. ಉದ್ದದ ಅಲಗು. ಸೊಪ್ಪು, ಕೋಸು, ಬೀನ್ಸ್ ಹೆಚ್ಚಲು ಹೇಳಿಮಾಡಿಸಿದ್ದು. ಮಾಂಸ, ಮೀನು, ತರಕಾರಿ ಎಲ್ಲಕ್ಕೂ ಒಂದೇ ಬೇಕೆಂದರೆ 165ರಿಂದ 180 ಮಿ.ಮೀ.ನ ಸಾಂತೊಕು. ಉದ್ದ ಅಲಗಿಗೆ ಕೈ ಪಳಗಿದವರಿಗೆ 210 ಮಿ.ಮೀ.ನ ಗ್ಯುತೊ. ಹಸಿ ಮೀನನ್ನು ತೆಳ್ಳಗೆ ಕೊಯ್ಯುವ ಯನಗಿಬ ನೋಡಲು ಚೆಂದ, ಆದರೆ ಹೆಚ್ಚಿನ ಮನೆಗಳಲ್ಲಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ, ಎಡಗೈಯವರಿಗೆ ಬೇರೆಯದೇ ಬೇಕು. ಹಿಡಿಯನ್ನೂ ಗಮನಿಸಿ: ಒಂದು ಬದಿ ಉಬ್ಬಿದ ಹಿಡಿ ಸಾಮಾನ್ಯವಾಗಿ ಬಲಗೈಗೆಂದೇ ಮಾಡಿದ್ದು, ಎಂಟು ಮೂಲೆಯದು ಎರಡೂ ಕೈಗೆ ಒಗ್ಗುತ್ತದೆ.

ಮುಂದಿನದು ಉಕ್ಕು. ಶಿರೊಗಾಮಿ, ಅಒಗಾಮಿ ಎಂಬ ಕಾರ್ಬನ್ ಉಕ್ಕುಗಳು ಬಲು ಹರಿತವಾಗುತ್ತವೆ, ಮಸೆಯಲೂ ಸುಲಭ. ಆದರೆ ಹುಣಸೆ, ನಿಂಬೆ, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತವೆ. ಒದ್ದೆ ಬಿಟ್ಟರೆ ಬೇಗನೆ ತುಕ್ಕು. ಕೊಯ್ದ ಕೂಡಲೇ ಒರೆಸುವ ಅಭ್ಯಾಸವಿಲ್ಲದವರಿಗೆ ವಿಜಿ-10ರಂಥ ಸ್ಟೇನ್‌ಲೆಸ್ ಉಕ್ಕೇ ವಾಸಿ. ನಡುವೆ ಕಾರ್ಬನ್, ಹೊರಗೆ ಸ್ಟೇನ್‌ಲೆಸ್ ಹೊದಿಸಿದ್ದೂ ಸಿಗುತ್ತದೆ. ಅದರಲ್ಲಿ ತುಕ್ಕಿನ ಕಾಟ ಬಾಯಿಯ ಅಂಚಿಗಷ್ಟೇ.

ಕೈಕೆಲಸದ್ದೇ ಬೇಕೆಂದರೆ ಒಸಾಕದ ಬಳಿಯ ಸಕಾಯ್, ಫುಕುಯಿ ಪ್ರಾಂತ್ಯದ ಎಚಿಜೆನ್, ಜಪಾನಿನದೇ ಕೋಚಿ ಪ್ರಾಂತ್ಯದ ತೋಸ ಹೆಸರಾದ ಊರು, ಸೀಮೆಗಳು. ಸಕಾಯ್‌ನಲ್ಲಿ ಬಡಿಯುವವರು ಒಬ್ಬರು, ಮಸೆಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು. ಟೋಕಿಯೊದ ಕಪ್ಪಬಾಶಿ ಬೀದಿಯ ಕೆಲವು ಅಂಗಡಿಗಳಲ್ಲಿ ಅಲಗಿನ ಮೇಲೆ ಹೆಸರು ಕೆತ್ತಿಕೊಡುತ್ತಾರೆ. ಕೆತ್ತಿಸಿದ ಮೇಲೆ ವಾಪಸು ಕೊಡುವುದು ಕಷ್ಟ, ಅಕ್ಷರ ಬರೆದು ತೋರಿಸಿ ಖಚಿತಪಡಿಸಿಕೊಳ್ಳಿ. ವಿಮಾನದಲ್ಲಿ ತರುವುದಾದರೆ ಅಲಗಿಗೆ ದಪ್ಪ ರಟ್ಟು ಸುತ್ತಿ ಚೆಕ್-ಇನ್ ಸಾಮಾನಿನಲ್ಲೇ ಇಡಿ, ಕೈಚೀಲದಲ್ಲಿ ಬಿಡುವುದಿಲ್ಲ.

ಕೊಡುವಾಗ ಒಂದು ಎಚ್ಚರಿಕೆ ಹೇಳಲೇಬೇಕು. ಈ ಉಕ್ಕಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸಾಮಾನ್ಯವಾಗಿ 60 ದಾಟುತ್ತದೆ, ಅಂಚು ತೆಳು. ಹೀಗಾಗಿ ತೆಂಗಿನಕಾಯಿ, ಮೂಳೆ, ಫ್ರೀಜರ್‌ನಿಂದ ತೆಗೆದ ಮಾಂಸಕ್ಕೆ ತಾಗಿಸಿದರೆ ಬಾಯಿ ಬಾಗುವುದಿಲ್ಲ, ಮುಕ್ಕಾಗುತ್ತದೆ. ಗ್ರಾನೈಟ್ ಕಟ್ಟೆ, ಗಾಜಿನ ಹಲಗೆಯ ಮೇಲೆ ಹೆಚ್ಚಿದರೂ ಅದೇ ಗತಿ. ಮರದ ಹಲಗೆ ಬೇಕು. ಡಿಶ್‌ವಾಷರ್‌ಗೆ ಹಾಕಿದರೆ ಹಿಡಿ ಸೀಳುತ್ತದೆ.

ಚಾಕುವಿನ ಜೊತೆ 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಳತೆ) ನೀರುಗಲ್ಲನ್ನೂ, ಅಂದರೆ ನೀರು ಹಾಕಿ ಮಸೆಯುವ ಕಲ್ಲನ್ನೂ ಕೊಡಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಅದು ಬರೀ ಚಾಕು. ನೆನೆಸುವ ಬಗೆಯ ಕಲ್ಲಾದರೆ 10 ನಿಮಿಷ ನೀರಿನಲ್ಲಿಡಬೇಕು. ಕೋನ ಸುಮಾರು 15 ಡಿಗ್ರಿ: ಅಲಗಿನ ಅಗಲ 45 ಮಿ.ಮೀ. ಇದ್ದರೆ ಬೆನ್ನನ್ನು ಕಲ್ಲಿನಿಂದ ಸುಮಾರು 12 ಮಿ.ಮೀ. ಎತ್ತಿ ಹಿಡಿಯಬೇಕು. ಒಂದು ಬದಿ ಮಸೆಯುತ್ತಾ ಹೋಗಿ, ಎದುರು ಬದಿಯಲ್ಲಿ ಉದ್ದಕ್ಕೂ ಸಣ್ಣ ಸಿಬಿರು ಬೆರಳಿಗೆ ತಾಗಿದ ಮೇಲೆ ಮಗುಚಬೇಕು. ಕೊನೆಗೆ ಹಗುರ ಕೈಯಲ್ಲಿ ಎರಡೂ ಬದಿ ಎಳೆದು ಆ ಸಿಬಿರು ತೆಗೆಯಬೇಕು. ಅದು ಉಳಿದರೆ ಅಂದೇ ಹರಿತ, ಮಾರನೆ ದಿನ ಮೊಂಡು.