ಅಜ್ಜನ ರೇಡಿಯೋಗೆ ನಾನೇ ಮಾಡಿದ ವೈರ್

ಅಟ್ಟದಿಂದ ಅಜ್ಜನ ವಾಲ್ವ್ ರೇಡಿಯೋ (ಒಳಗೆ ಗಾಜಿನ ಕೊಳವೆಗಳಿರುವ ಹಳೆ ಸೆಟ್) ಇಳಿಸಿದ ದಿನ ಅದರ ವೈರನ್ನು ಸ್ವಲ್ಪ ಬಗ್ಗಿಸಿ ನೋಡಿದೆ. ಮೇಲಿನ ಬಟ್ಟೆ ಹಾಗೇ ಇತ್ತು, ಒಳಗಿನ ರಬ್ಬರ್ ಮಾತ್ರ ಪುಡಿಪುಡಿಯಾಗಿ ಉದುರಿತು. ಅಲ್ಲಲ್ಲಿ ತಾಮ್ರ ಕಾಣುತ್ತಿತ್ತು. "ಒಂದ್ಸಲ ಹಾಕಿ ನೋಡೋ, ಹಾಡುತ್ತೇನೋ" ಅಂದರು ಅಮ್ಮ. ನಾನು ಹಾಕಲಿಲ್ಲ. ನೀವೂ ಹಾಕಬೇಡಿ.

ವೈರ್ ತರುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ವಾಲ್ವ್ ನಂಬರ್ ಓದಿ. ನಮ್ಮದರಲ್ಲಿ ಇಸಿಎಚ್81, ಇಬಿಎಫ್89, ಇಎಲ್84 ಇದ್ದವು. ಮೊದಲ ಅಕ್ಷರ ‘ಇ’ ಅಂದರೆ 6.3 ವೋಲ್ಟ್ ಹೀಟರ್ (ವಾಲ್ವ್ ಒಳಗೆ ಕಾಯುವ ತಂತಿ), ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್. ಆದರೂ ಸುಮ್ನೆ ನಂಬಬಾರದು, ಕೆಲವಕ್ಕೆ ಮೇನ್ಸ್‌ನಿಂದ ಸೆಟ್ಟನ್ನು ಬೇರ್ಪಡಿಸದ ಆಟೋ ಟ್ರಾನ್ಸ್‌ಫಾರ್ಮರ್ ಹಾಕಿರುತ್ತಾರೆ. ಹಾಗಾಗಿ ಪ್ಲಗ್ ಗೋಡೆಗೆ ಹಾಕದೆ, ರೇಡಿಯೋ ಸ್ವಿಚ್ ಆನ್ ಇಟ್ಟು, ಎರಡೂ ಪಿನ್ನಿಂದ ಶಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಮಲ್ಟಿಮೀಟರ್ ಹಿಡಿದು ನೋಡಿದೆ. ಸಂಪರ್ಕ ಇರಲಿಲ್ಲ. ಅಂದ ಮೇಲೆ ಶಾಸಿಗೆ ಅರ್ಥ್ ಕೊಡಬಹುದು.

ಯುಸಿಎಚ್81, ಯುಎಲ್84 ಥರ ‘ಯು’ ಇದ್ದರೆ ಕಥೆಯೇ ಬೇರೆ. ಅವು ಎಸಿ-ಡಿಸಿ ಎರಡರಲ್ಲೂ ಓಡುವ ಸೆಟ್‌ಗಳು, ಶಾಸಿ ನೇರವಾಗಿ ಮೇನ್ಸ್‌ನ ಒಂದು ತಂತಿಗೇ ಸೇರಿರುತ್ತದೆ, ಹಳೆ ಎರಡು ಪಿನ್ ಪ್ಲಗ್ ತಿರುಗಿಸಿ ಚುಚ್ಚಿದರೆ ಇಡೀ ಶಾಸಿಗೆ ಫೇಸ್ ಬರುತ್ತದೆ. ಅಂಥದಕ್ಕೆ ಅರ್ಥ್ ತಂತಿ ಕಟ್ಟಲೇಬಾರದು. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನು ಅವನ್ನು ಮುಟ್ಟುವುದೇ ಇಲ್ಲ.

ವೈರಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಲಂಕಾರದ ದೀಪ ತೂಗುಹಾಕಲು ಬಟ್ಟೆ ಹೆಣೆದ ಮೂರು ಕೋರ್ ವೈರ್ ಸಿಗುತ್ತದಲ್ವಾ, ಅದೇ, 0.75 ಚದರ ಮಿ.ಮೀ., ಕಂದು ಬಣ್ಣದ್ದು. ಸೆಟ್ ಎಳೆಯುವುದು 50 ವಾಟ್, 230 ವೋಲ್ಟಿಗೆ ಕಾಲು ಆಂಪ್ ಕೂಡ ಇಲ್ಲ. ಇದಕ್ಕೆ ಹೆಬ್ಬೆರಳು ದಪ್ಪದ ದುಬಾರಿ ಕೇಬಲ್ ಬೇಕಿಲ್ಲ.

ಶಾಸಿಯ ತೂತಿಗೆ ವೈರ್ ಅಂಚಿಗೆ ಉಜ್ಜದಂತೆ ಹೊಸ ರಬ್ಬರ್ ಬಳೆ (ಗ್ರಾಮೆಟ್) ಹಾಕಿದೆ. ಜಗ್ಗಿದರೆ ವೈರ್ ಬರದಿರಲಿ ಅಂತ ಹಳೆಯದರಲ್ಲಿ ಒಳಗೊಂದು ಗಂಟು ಹಾಕಿ ಬಿಟ್ಟಿದ್ದರು, ನಾನು ಕ್ಲ್ಯಾಂಪ್ ಬಿಗಿದೆ. ಹಸಿರು-ಹಳದಿ ಅರ್ಥ್ ತಂತಿಯನ್ನು ಉಳಿದೆರಡಕ್ಕಿಂತ ಒಂದಿಂಚು ಜಾಸ್ತಿ ಉದ್ದ ಬಿಟ್ಟೆ, ಯಾರಾದರೂ ಜಗ್ಗಿದರೆ ಅರ್ಥ್ ಕೊನೆಗೆ ಕಿತ್ತು ಬರಲಿ ಅಂತ. ಶಾಸಿಯ ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿಗೆ ರಿಂಗ್ ಲಗ್ (ಉಂಗುರದ ತುದಿ), ಹಲ್ಲಿನ ವಾಷರ್ ಇಟ್ಟು ನಟ್ ಬಿಗಿದೆ. ಫೇಸ್ ದಾರಿಯಲ್ಲಿ 500 ಮಿಲಿಆಂಪ್‌ನ ನಿಧಾನ ಫ್ಯೂಸ್ (ಆನ್ ಮಾಡಿದಾಗಿನ ಕ್ಷಣದ ಜಾಸ್ತಿ ಕರೆಂಟಿಗೆ ಹೋಗದ್ದು), ಆಮೇಲೆ ಸ್ವಿಚ್.

ತಪ್ಪು ಮಾಡಿದ್ದು ಪ್ಲಗ್ಗಿನಲ್ಲಿ. ಎಳೆಗಳು ಚೆದುರದಿರಲಿ ಅಂತ ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಕೆಳಗೆ ಬಿಗಿದಿದ್ದೆ. ಕೆಲವು ತಿಂಗಳಲ್ಲಿ ಒಂದು ಸ್ಕ್ರೂ ಬೆರಳಲ್ಲೇ ತಿರುಗುವಷ್ಟು ಸಡಿಲ. ಸೋಲ್ಡರ್ ಮೆತ್ತಗಿರುತ್ತದೆ, ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ತುದಿ ಕತ್ತರಿಸಿ, ಎಳೆಗಳಿಗೆ ಫೆರುಲ್ ಅನ್ನೋ ಸಣ್ಣ ಲೋಹದ ಕೊಳವೆ ಹಾಕಿ ಇಕ್ಕಳದಲ್ಲಿ ಒತ್ತಿ ಬಿಗಿದೆ (ಕ್ರಿಂಪ್). ಆಮೇಲೆ ಸಡಿಲವಾಗಿಲ್ಲ.

ಮೊದಲ ಸಲ ಕರೆಂಟ್ ಕೊಟ್ಟಿದ್ದು 100 ವಾಟಿನ ಸೀರೀಸ್ ಬಲ್ಬ್ ಮೂಲಕ, ಅಂದರೆ ರೇಡಿಯೋಗೆ ಹೋಗುವ ಕರೆಂಟೆಲ್ಲ ಬಲ್ಬ್ ದಾಟಿಯೇ ಹೋಗುವಂತೆ. ಬಲ್ಬ್ ಜೋರಾಗಿ ಹತ್ತಿತು, ಎದೆ ಧಸಕ್ಕೆಂದಿತು, ಆಮೇಲೆ ಮೆಲ್ಲಗೆ ಮಂದವಾಯಿತು. ಜೋರಾಗೇ ಉರಿದಿದ್ದರೆ ಒಳಗೆಲ್ಲೋ ಶಾರ್ಟ್ ಅಂತ ಅರ್ಥ. ಎಲ್ಲ ಸರಿ ಅನಿಸಿದ ಮೇಲೆ ಬಲ್ಬ್ ತೆಗೆದು ನೇರ ಪ್ಲಗ್ಗಿಗೆ ಹಾಕಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸಣ್ಣ ಗುಂಯ್ ಸದ್ದು, ಮುಳ್ಳು ಸರಿಸುತ್ತಾ ಹೋದಾಗ ಬೆಂಗಳೂರು ಆಕಾಶವಾಣಿ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತರು.